ಪಂಕ್ತಿಯಲ್ಲಿ ಯಾರಿಗೆ ಎಲೆ?

(ಮೈಸೂರಿನಲ್ಲಿ ಓದುಗರ ಒಂದು ಸಣ್ಣ ಕೂಟದ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಇಸವಿಗಳನ್ನು ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಯನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಬೀದಿ ಜಗಳದಿಂದ ಶುರು ಮಾಡುತ್ತೇನೆ.

1661ರ ಸೆಪ್ಟೆಂಬರ್ 30. ಲಂಡನ್ನಿಗೆ ಸ್ವೀಡನ್ನಿನ ಹೊಸ ರಾಯಭಾರಿ ಬಂದಿಳಿದಿದ್ದಾನೆ. ಅವನನ್ನು ಮೆರವಣಿಗೆಯಲ್ಲಿ ಕರೆದೊಯ್ಯಬೇಕು. ಅವನ ಸಾರೋಟಿನ ಬೆನ್ನಿಗೇ ಹೋಗಬೇಕಾದ್ದು ಸ್ಪೇನ್ ರಾಯಭಾರಿಯ ಸಾರೋಟೋ, ಫ್ರಾನ್ಸಿನವನದೋ? ಇಷ್ಟಕ್ಕೆ ಕತ್ತಿ ಹಿರಿದರು, ಗುಂಡು ಹಾರಿಸಿದರು. ಕುದುರೆಗಳು ಸತ್ತವು, ಮನುಷ್ಯರೂ ಸತ್ತರು. ಫ್ರೆಂಚರು ಬಂದು ಕುದುರೆಗೆ ಕಟ್ಟಿದ ಪಟ್ಟಿಗಳನ್ನು ಕತ್ತರಿಸುತ್ತಾರೆ ಎಂದು ಮೊದಲೇ ಊಹಿಸಿದ್ದ ಸ್ಪೇನಿನವರು ಆ ತೊಗಲ ಪಟ್ಟಿಗಳ ಒಳಗೆ ಕಬ್ಬಿಣದ ಸರಪಳಿ ಕೂಡಿಸಿಕೊಂಡು ಬಂದಿದ್ದರಂತೆ. ಅವರೇ ಗೆದ್ದರು. ಸುದ್ದಿ ಕೇಳಿದ ಹದಿನಾಲ್ಕನೇ ಲೂಯಿ ಯುದ್ಧದ ಮಾತೆತ್ತಿದ. ಮರುವರ್ಷ ಸ್ಪೇನಿನ ದೂತ ಪ್ಯಾರಿಸ್ಸಿಗೆ ಬಂದು, ಇನ್ನು ನಮ್ಮವರು ನಿಮ್ಮವರ ಜೊತೆ ಮುಂದಿನ ಜಾಗಕ್ಕೆ ಪೈಪೋಟಿ ಮಾಡುವುದಿಲ್ಲ ಎಂದು ತುಂಬಿದ ಸಭೆಯಲ್ಲಿ ಒಪ್ಪಿಕೊಂಡು ಹೋಗಬೇಕಾಯಿತು.

ನೀವು ನಗುತ್ತಿದ್ದೀರಿ. ಆದರೆ ನಮ್ಮ ಜಾತ್ರೆಗಳಲ್ಲಿ ತೇರಿನ ಹಗ್ಗಕ್ಕೆ ಮೊದಲು ಕೈ ಹಾಕುವವರು ಯಾರು, ಮೊದಲ ವೀಳ್ಯ ಯಾವ ಮನೆಗೆ ಎನ್ನುವುದಕ್ಕೆ ತಲೆ ಒಡೆದುಕೊಂಡವರನ್ನು ನೋಡಿದ ನನಗೆ ಅಷ್ಟೇನೂ ನಗು ಬರುವುದಿಲ್ಲ. ವೀಳ್ಯದೆಲೆಗೆ ಎರಡು ಕಾಸಿನ ಬೆಲೆಯೂ ಇಲ್ಲ. ಅದು ಯಾರ ಕೈಗೆ ಮೊದಲು ಹೋಗುತ್ತದೆ ಎನ್ನುವುದಕ್ಕೆ ಬೆಲೆ.

ಯುರೋಪಿನವರಿಗೆ ಈ ತಂಟೆ ಬಗೆಹರಿಸಲು 1815ರ ವಿಯೆನ್ನಾ ಸಭೆಯ ತನಕ ಬೇಕಾಯಿತು. ಯಾವ ರಾಜ ದೊಡ್ಡವನು ಎಂಬುದನ್ನು ಅವರು ತೀರ್ಮಾನಿಸಲಿಲ್ಲ, ಆ ಪ್ರಶ್ನೆಯನ್ನೇ ಬದಿಗಿಟ್ಟರು. ಒಂದು ಊರಿಗೆ ಮೊದಲು ಬಂದು ವರದಿ ಮಾಡಿಕೊಂಡ ರಾಯಭಾರಿಯೇ ತನ್ನ ದರ್ಜೆಯಲ್ಲಿ ಮುಂದು, ಅಷ್ಟೇ. ಇವತ್ತು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಪ್ರತಿ ವರ್ಷ ಚೀಟಿ ಎತ್ತುತ್ತಾರೆ. ಯಾವ ದೇಶದ ಹೆಸರು ಬಂತೋ ಅದಕ್ಕೆ ಮೊದಲ ಕುರ್ಚಿ, ಅಲ್ಲಿಂದ ಇಂಗ್ಲಿಷ್ ಅಕ್ಷರಮಾಲೆಯ ಸರದಿ. ಬಲಾಢ್ಯರಿಗೂ ಬಡವರಿಗೂ ಒಂದೇ ಚೀಟಿ. ಬಹಳ ಒಳ್ಳೆಯ ನಡವಳಿಕೆ. ಆದರೆ ಚೀಟಿಯ ಡಬ್ಬಿಯಲ್ಲಿ ಹೆಸರೇ ಇಲ್ಲದವರ ಕತೆ ಏನು? ನಾನು ಇವತ್ತು ಮಾತಾಡಬೇಕೆಂದುಕೊಂಡಿರುವುದು ಅವರ ಬಗ್ಗೆ.

ಅಂತಾರಾಷ್ಟ್ರೀಯ ಕಾನೂನು ರಾಷ್ಟ್ರವನ್ನು 'ವ್ಯಕ್ತಿ' ಎನ್ನುತ್ತದೆ. ಸುಮ್ಮನೆ ಅಲಂಕಾರಕ್ಕಲ್ಲ. 1933ರ ಡಿಸೆಂಬರಿನಲ್ಲಿ ಉರುಗ್ವೆಯ ಮೊಂಟೆವಿಡಿಯೋದಲ್ಲಿ ಅಮೆರಿಕ ಖಂಡಗಳ ದೇಶಗಳು ಮಾಡಿಕೊಂಡ ಒಪ್ಪಂದದ ಮೊದಲ ವಿಧಿಯೇ ಹಾಗೆ ಶುರುವಾಗುತ್ತದೆ. ಈ ವ್ಯಕ್ತಿಗೆ ನಾಲ್ಕು ಲಕ್ಷಣ ಬೇಕು: ನೆಲೆನಿಂತ ಜನ, ಗೊತ್ತಾದ ನೆಲ, ಒಂದು ಸರ್ಕಾರ, ಉಳಿದ ದೇಶಗಳೊಡನೆ ವ್ಯವಹರಿಸುವ ಶಕ್ತಿ. ಮೂರನೇ ವಿಧಿ ಇನ್ನೂ ಉದಾರವಾದದ್ದು. ಬೇರೆಯವರು ಮಾನ್ಯ ಮಾಡಲಿ, ಬಿಡಲಿ, ರಾಷ್ಟ್ರದ ಇರುವಿಕೆ ಅದರಿಂದ ಕೆಡುವುದಿಲ್ಲ ಎನ್ನುತ್ತದೆ.

ಕಾಗದದ ಮೇಲೆ ಚೆನ್ನಾಗಿದೆ. ನಮ್ಮ 'ವ್ಯಕ್ತಿ' ಎನ್ನುವ ಪದ ಮಾತ್ರ ಬೇರೆಯೇ ಹೇಳುತ್ತದೆ. ವ್ಯಕ್ತ ಎಂದರೆ ಕಾಣಿಸಿಕೊಂಡದ್ದು. ಕಾಣಿಸಿಕೊಳ್ಳಬೇಕಾದರೆ ಕಾಣುವವರು ಬೇಕು. ಲ್ಯಾಟಿನ್ನಿನ 'ಪೆರ್ಸೋನಾ' ಎಂಬುದೂ ನಟನ ಮುಖವಾಡವೇ. ಅದಕ್ಕೂ ನೋಡುವವರು ಬೇಕು. ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಚೌಕಿಯಲ್ಲಿ ಎಷ್ಟೇ ಚೆಂದ ಬಣ್ಣ ಬಳಿದುಕೊಂಡು ಕಿರೀಟ ಕಟ್ಟಿಕೊಂಡಿರಲಿ, ರಂಗಕ್ಕೆ ಬಂದ ಮೇಲೆ ಭಾಗವತರು 'ತಾವು ಯಾರು?' ಎಂದು ಮಾತಿಗೆಳೆಯುವ ತನಕ ಅವನು ದೇವೇಂದ್ರನಲ್ಲ, ಬಣ್ಣ ಹಚ್ಚಿಕೊಂಡ ಒಬ್ಬ ಮನುಷ್ಯ. ರಾಷ್ಟ್ರಗಳ ಲೋಕದಲ್ಲಿ ಭಾಗವತರು ಕೇಳುವ ಆ ಪ್ರಶ್ನೆಗೆ ಬೇರೆ ಬೇರೆ ರೂಪಗಳಿವೆ: ಪತ್ರದ ಒಕ್ಕಣೆ, ಬಾವುಟ, ಕುರ್ಚಿ, ಕೈಕುಲುಕು, ತೋಪಿನ ಸಂಖ್ಯೆ. ಶಿಷ್ಟಾಚಾರ ಎಂದು ನಾವು ಹಗುರವಾಗಿ ತಳ್ಳಿಹಾಕುವ ಸಂಗತಿಗಳೆಲ್ಲ ಅಲ್ಲಿ ಹೊಸ್ತಿಲುಗಳು.

ಮೈಸೂರಿನಲ್ಲಿ ನಿಂತು ತೋಪಿನ ಮಾತಾಡದೆ ಮುಂದೆ ಹೋಗುವ ಹಾಗಿಲ್ಲ. 1788ರ ಆಗಸ್ಟ್ 10ರಂದು ಟಿಪ್ಪುವಿನ ಮೂವರು ದೂತರನ್ನು ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿ ಬರಮಾಡಿಕೊಂಡ. ಅವರು ಕೇಳಲು ಹೋದದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ಅದು ಸಿಗಲಿಲ್ಲ. ಸಿಕ್ಕಿದ್ದು ಮರ್ಯಾದೆ, ಪಿಂಗಾಣಿಯ ಉಡುಗೊರೆ, ದೂತರ ಭಾವಚಿತ್ರಗಳು. ಆದರೂ ಆ ದಿನ ಮೈಸೂರು ಒಬ್ಬ 'ವ್ಯಕ್ತಿ'ಯಾಗಿತ್ತು. ಎದುರಿಗೆ ಒಬ್ಬ ರಾಜ ಕೂತು ಅದರ ದೂತರ ಮಾತು ಕೇಳಿಸಿಕೊಂಡಿದ್ದ.

ಒಂದು ಶತಮಾನದ ನಂತರ ಇದೇ ಮೈಸೂರಿಗೆ 21 ತೋಪಿನ ಸಲಾಮು ಸಲ್ಲುತ್ತಿತ್ತು. ಬ್ರಿಟಿಷ್ ಇಂಡಿಯಾದ ಸಂಸ್ಥಾನಗಳಿಗೆ ಅದಕ್ಕಿಂತ ಮೇಲಿನ ಗೌರವವಿಲ್ಲ. ಹೈದರಾಬಾದ್, ಬರೋಡದ ಸಾಲಿನಲ್ಲಿ ನಾವು. ಆದರೆ 1891ರ ಆಗಸ್ಟ್ 21ರಂದು ಭಾರತ ಸರ್ಕಾರ ಗೆಜೆಟ್ಟಿನಲ್ಲಿ ಒಂದು ಪ್ರಕಟಣೆ ಹೊರಡಿಸಿತು. ರಾಣಿಯ ಸರ್ಕಾರಕ್ಕೂ ದೇಶೀ ಸಂಸ್ಥಾನಗಳಿಗೂ ನಡುವಿನ ಸಂಬಂಧಕ್ಕೆ ಅಂತಾರಾಷ್ಟ್ರೀಯ ಕಾನೂನಿನ ತತ್ವಗಳು ಅನ್ವಯಿಸುವುದೇ ಇಲ್ಲ ಎಂಬುದು ಅದರ ಸಾರ. ಮಣಿಪುರದ ರಾಜಕುಮಾರ ಟಿಕೇಂದ್ರಜಿತ್‌ನನ್ನು ಗಲ್ಲಿಗೇರಿಸಿ ಇನ್ನೂ ಎಂಟೇ ದಿನ ಆಗಿತ್ತು. ಆ ಕ್ರಮಕ್ಕೆ ಸಮಜಾಯಿಷಿ ಬೇಕಿತ್ತು. ತೋಪು 21, ವ್ಯಕ್ತಿತ್ವ ಸೊನ್ನೆ. ವ್ಯಕ್ತಿತ್ವ ಕಸಿದುಕೊಂಡವರು ಮರ್ಯಾದೆಯನ್ನು ಧಾರಾಳವಾಗಿ ಬಡಿಸುತ್ತಾರೆ. ಮನೆಯ ಯಜಮಾನಿಕೆ ಕಳೆದುಕೊಂಡ ಮುದುಕರಿಗೆ ದೊಡ್ಡ ಕುರ್ಚಿ ಹಾಕಿ ಕೂರಿಸುವುದಿಲ್ಲವೇ, ಹಾಗೆ.

ಈಗ ಹೈಟಿಗೆ ಬರೋಣ. ಇವತ್ತಿನ ಮಾತಿನ ತಿರುಳು ಇಲ್ಲಿದೆ ಎಂದು ನನ್ನ ನಂಬಿಕೆ.

ಕೆರಿಬಿಯನ್ ಸಮುದ್ರದ ಸ್ಯಾಂ ದೊಮಿಂಗ್ ಫ್ರಾನ್ಸಿನ ಅತಿ ಶ್ರೀಮಂತ ವಸಾಹತು. ಸುಮಾರು 5 ಲಕ್ಷ ಗುಲಾಮರು ಅಲ್ಲಿ ಕಬ್ಬು, ಕಾಫಿ ಬೆಳೆಯುತ್ತಿದ್ದರು. 1791ರ ಆಗಸ್ಟಿನಲ್ಲಿ ಅವರು ತಿರುಗಿಬಿದ್ದರು. ಹದಿಮೂರು ವರ್ಷ ಕಾದಾಡಿ, ನೆಪೋಲಿಯನ್ ಕಳಿಸಿದ ದಂಡನ್ನೂ ಸೋಲಿಸಿ, 1804ರ ಜನವರಿ 1ರಂದು ಅವರ ಸೇನಾನಿ ದೆಸಾಲೀನ್ ಹೈಟಿ ಎಂಬ ಹೆಸರಿನಲ್ಲಿ ಸ್ವಾತಂತ್ರ್ಯ ಸಾರಿದ. ಮೊಂಟೆವಿಡಿಯೋದ ನಾಲ್ಕು ಲಕ್ಷಣ ಹಿಡಿದು ನೋಡಿ. ಜನ ಇದ್ದರು, ನೆಲ ಇತ್ತು, ಸರ್ಕಾರ ಇತ್ತು, ವ್ಯಾಪಾರಕ್ಕೆ ಹಡಗುಗಳು ಬರುತ್ತಿದ್ದವು. ಆದರೂ ಎಲೆ ಹಾಕುವವರಿಲ್ಲ.

ದಕ್ಷಿಣ ಅಮೆರಿಕದ ಬಿಡುಗಡೆಗೆ ಹೋರಾಡುತ್ತಿದ್ದ ಬೊಲಿವಾರ್ ಸೋತು ದಿಕ್ಕೆಟ್ಟು ಬಂದಾಗ ಅವನಿಗೆ ಆಶ್ರಯ, ಬಂದೂಕು, ಹಡಗು ಕೊಟ್ಟು ಕಳಿಸಿದ್ದು ಹೈಟಿಯ ಅಧ್ಯಕ್ಷ ಪೇಷಿಯೋನ್. ಪ್ರತಿಯಾಗಿ ಗುಲಾಮರನ್ನು ಬಿಡುಗಡೆ ಮಾಡು ಎಂದಷ್ಟೇ ಕೇಳಿದ್ದ. ಆದರೆ 1826ರಲ್ಲಿ ಪನಾಮಾದಲ್ಲಿ ಹೊಸ ಗಣರಾಜ್ಯಗಳ ಸಮ್ಮೇಳನ ನಡೆದಾಗ ಹೈಟಿಗೆ ಕರೆಯೋಲೆ ಹೋಗಲಿಲ್ಲ. ಅದೇ ವರ್ಷ ಅಮೆರಿಕದ ಸೆನೆಟ್ಟಿನಲ್ಲಿ ಥಾಮಸ್ ಹಾರ್ಟ್ ಬೆಂಟನ್ ನಿಂತು ತನ್ನ ದೇಶದ ನೀತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದ: ಅವರೊಡನೆ ವ್ಯಾಪಾರ ಮಾಡುತ್ತೇವೆ, ಕಪ್ಪು ರಾಯಭಾರಿಗಳನ್ನು ಮಾತ್ರ ಬರಮಾಡಿಕೊಳ್ಳುವುದಿಲ್ಲ, ನಮ್ಮ ಊರುಗಳಲ್ಲಿ ಅವರು ಮೆರೆದಾಡಿದರೆ ಗುಲಾಮರಿರುವ ಹನ್ನೊಂದು ರಾಜ್ಯಗಳ ನೆಮ್ಮದಿ ಕೆಡುತ್ತದೆ.

ಈ ವಾದ ನಮಗೆ ಹೊಸದೇನಲ್ಲ. ಅಂಗಡಿಯಲ್ಲಿ ದುಡ್ಡಿಗೆ ಮೈಲಿಗೆಯಿಲ್ಲ, ದುಡ್ಡು ಕೊಟ್ಟ ಕೈಗೆ ಮಾತ್ರ. ಕಾಫಿ ಮೂಟೆ ಒಳಗೆ ಬರಬಹುದು, ಅದನ್ನು ಬೆಳೆದವನ ದೂತ ಬರಬಾರದು. ಬನ್ನಿ, ಕೂತುಕೊಳ್ಳಿ ಎಂದಿದ್ದರೆ ವಾಷಿಂಗ್ಟನ್ನಿನ ನೆಲವೇನೂ ಕುಸಿಯುತ್ತಿರಲಿಲ್ಲ. ಆದರೆ ಕೂರಿಸಿದ ಮೇಲೆ ಅವನು ಮನುಷ್ಯನೆಂದು ಒಪ್ಪಿದ ಹಾಗಾಯಿತು. ಹಾಗೆ ಒಪ್ಪಿದರೆ ಹೊಲದಲ್ಲಿ ದುಡಿಯುತ್ತಿರುವವನ ಗತಿ? ಬೆಂಟನ್ ದಡ್ಡನಲ್ಲ. ಒಂದು ಕುರ್ಚಿಗೆ ಎಷ್ಟು ಶಕ್ತಿಯಿದೆ ಎಂದು ಅವನಿಗೆ ಸರಿಯಾಗಿ ಗೊತ್ತಿತ್ತು.

ಹೈಟಿಗೆ ಮಾನ್ಯತೆ ಕೊಟ್ಟದ್ದು ಕೊನೆಗೆ ಫ್ರಾನ್ಸೇ, 1825ರಲ್ಲಿ. ಕೊಟ್ಟದ್ದು ಎನ್ನುವುದಕ್ಕಿಂತ ಮಾರಿದ್ದು ಎನ್ನಬೇಕು. ಹತ್ತನೇ ಶಾರ್ಲ್‌ನ ಆಜ್ಞೆ ಹೊತ್ತು 14 ಯುದ್ಧನೌಕೆಗಳು ಬಂದು ನಿಂತವು. ಬೆಲೆ 15 ಕೋಟಿ ಫ್ರಾಂಕ್. ಗುಲಾಮರನ್ನೂ ತೋಟಗಳನ್ನೂ ಕಳೆದುಕೊಂಡ ಮಾಲೀಕರಿಗೆ ಪರಿಹಾರವಂತೆ! ಬಿಡುಗಡೆಯಾದವರು ತಮ್ಮ ಮೈಗೆ ತಾವೇ ಬೆಲೆ ಕಟ್ಟಿ ಹಳೆಯ ಧಣಿಗೆ ಕೊಡಬೇಕು. ಮೊದಲ ಕಂತು ಕಟ್ಟಲು ಕೈಯಲ್ಲಿ ಕಾಸಿಲ್ಲ. ಪ್ಯಾರಿಸ್ಸಿನ ಬ್ಯಾಂಕುಗಳಿಂದಲೇ 3 ಕೋಟಿ ಸಾಲ ಎತ್ತಿದರು, ಮುರಿದುಕೊಂಡು ಕೈಗೆ ಬಂದದ್ದು 2 ಕೋಟಿ 40 ಲಕ್ಷ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಈ ಸಾಲದ ಬಾಲ, ಸಾಲ ತೀರಿಸಲು ಮಾಡಿದ ಸಾಲ, ಪೂರ್ತಿ ತೀರಿದ್ದು 1947ರಲ್ಲಿ. ನಾವು ಸ್ವತಂತ್ರರಾದ ವರ್ಷ ಹೈಟಿ ತನ್ನ ಸ್ವಾತಂತ್ರ್ಯದ ಬಾಕಿ ಚುಕ್ತಾ ಮಾಡುತ್ತಿತ್ತು. ಅಮೆರಿಕ ಹೈಟಿಯನ್ನು ಮಾನ್ಯ ಮಾಡಿದ್ದು 1862ರಲ್ಲಿ, ಲಿಂಕನ್ ಕಾಲದಲ್ಲಿ. ಬೆಂಟನ್ ಹೇಳಿದ ರಾಜ್ಯಗಳಲ್ಲಿ ಹೆಚ್ಚಿನವು ಆಗ ಒಕ್ಕೂಟ ಬಿಟ್ಟು ಹೋಗಿ, ಅವರ ಸೆನೆಟರುಗಳ ಕುರ್ಚಿ ಖಾಲಿಯಿದ್ದವು.

ಹಳೆಯ ಕತೆ ಎನ್ನಬೇಡಿ. 1961ರ ಜೂನ್. ಆಫ್ರಿಕದ ಚಾಡ್ ದೇಶದ ಹೊಸ ರಾಯಭಾರಿ ಆಡಂ ಮಲಿಕ್ ಸೌ ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಕಾರಿನಲ್ಲಿ ಹೊರಟಿದ್ದಾರೆ. ಮೇರಿಲ್ಯಾಂಡಿನಲ್ಲಿ, 40ನೇ ಸಂಖ್ಯೆಯ ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ಕಾಫಿ ಕೇಳಿದರೆ ಕೊಡಲಿಲ್ಲ. ಹೋಟೆಲಿನಾಕೆ ಆಮೇಲೆ ಹೇಳಿದ್ದರ ಅರ್ಥ ಇಷ್ಟು: ನನ್ನ ಕಣ್ಣಿಗೆ ಮಾಮೂಲಿ ಕರಿಯನ ಹಾಗೆ ಕಂಡ, ರಾಯಭಾರಿ ಎಂದು ನನಗೆ ಹೇಗೆ ಗೊತ್ತಾಗಬೇಕು? ಈ ಮಾತನ್ನು ಸ್ವಲ್ಪ ನಿಧಾನವಾಗಿ ಕೇಳಿ. ಆಕೆಗೆ ರಾಷ್ಟ್ರದ ಮೇಲೆ ಸಿಟ್ಟಿಲ್ಲ. ರಾಷ್ಟ್ರವೆಂಬ ಮುಖವಾಡ ಕಾಣಲಿಲ್ಲ, ಚರ್ಮ ಕಂಡಿತು. ಕೆನೆಡಿ ಸರ್ಕಾರಕ್ಕೆ ಪೇಚಾಟ. ಶೀತಲ ಸಮರದ ದಿನಗಳು ಬೇರೆ. ಶಿಷ್ಟಾಚಾರ ವಿಭಾಗದ ಅಧಿಕಾರಿಗಳು ಹೆದ್ದಾರಿಯುದ್ದಕ್ಕೂ ಹೋಟೆಲು ಮಾಲೀಕರನ್ನು ಓಲೈಸುತ್ತಾ ಓಡಾಡಿದರು.

ಆಗ ಬಾಲ್ಟಿಮೋರಿನ ಕಪ್ಪು ಜನರ ಒಂದು ಪತ್ರಿಕೆಯ ವರದಿಗಾರರು ಒಂದು ಕೀಟಲೆ ಮಾಡಿದರು. ಬಾಡಿಗೆಗೆ ಉಡುಪು, ದೊಡ್ಡ ಕಾರು ತಂದು, 'ಗೋಬಾನ್' ಎಂಬ ದೇಶದ ಗಣ್ಯರೆಂದು ಹೇಳಿಕೊಂಡು ಅದೇ ಹೆದ್ದಾರಿಗೆ ಹೋದರು. ಗೋಬಾನ್ ಎಂಬ ದೇಶವೇ ಇಲ್ಲ. ಆದರೂ ಕೆಲವು ಹೋಟೆಲುಗಳಲ್ಲಿ ಊಟ ಸಿಕ್ಕಿತು! ಅದೇ ನಾಡಿನಲ್ಲಿ ಹುಟ್ಟಿ ತೆರಿಗೆ ಕಟ್ಟುವವನಾಗಿ ಸಿಗದ ಕುರ್ಚಿ, ಇಲ್ಲದ ದೇಶದ ಪ್ರಜೆಯಾಗಿ ಸಿಕ್ಕಿತು. ರಾಷ್ಟ್ರದ ವ್ಯಕ್ತಿತ್ವ, ಮನುಷ್ಯನ ವ್ಯಕ್ತಿತ್ವ, ಶಿಷ್ಟಾಚಾರ, ಬಹಿಷ್ಕಾರ ಎಲ್ಲವನ್ನೂ ಕುರಿತು ನಾನು ಓದಿರುವ ದಪ್ಪ ದಪ್ಪ ಪುಸ್ತಕಗಳು ಈ ಕೀಟಲೆಯಷ್ಟು ಹೇಳಿಲ್ಲ.

ಚೀನಾ, ಜಪಾನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1793ರಲ್ಲಿ ಚೀನಾದ ಚಕ್ರವರ್ತಿಯ ಮುಂದೆ ಇಂಗ್ಲೆಂಡಿನ ದೂತ ಮೆಕಾರ್ಟ್ನಿ ಹಣೆ ನೆಲಕ್ಕೆ ತಾಗಿಸಲು ಒಪ್ಪದೆ ಒಂದು ಮೊಣಕಾಲೂರಿದ. ಆಗ ಅನಾಗರಿಕರು ಯಾರೆಂದು ಹೇಳುವವರು ಚೀನೀಯರು. 1858ರ ತಿಯೆನ್‌ತ್ಸಿನ್ ಒಪ್ಪಂದದ ಹೊತ್ತಿಗೆ ಯುದ್ಧ ಸೋತಿದ್ದರು. ಬ್ರಿಟಿಷರನ್ನು ಸರ್ಕಾರಿ ಕಾಗದಗಳಲ್ಲಿ 'ಯೀ', ಅಂದರೆ ಮ್ಲೇಚ್ಛ, ಎಂದು ಬರೆಯಕೂಡದು ಎಂದು 51ನೇ ವಿಧಿಯಲ್ಲಿ ಬರೆಸಿಕೊಂಡರು. ಜಪಾನ್ ಪಾಠ ಕಲಿತದ್ದು ಬೇಗ. 1883ರಲ್ಲಿ ಟೋಕಿಯೋದಲ್ಲಿ ರೋಕುಮೇಕಾನ್ ಎಂಬ ಮಹಲು ಕಟ್ಟಿ, ಮಂತ್ರಿಗಳು ಹೆಂಡಿರೊಡನೆ ಪಾಶ್ಚಾತ್ಯ ಉಡುಪು ತೊಟ್ಟು ನರ್ತಿಸಿ ತೋರಿಸಿದರು: ನೋಡಿ, ನಾವೂ ನಾಗರಿಕರು, ನಮ್ಮ ಮೇಲೆ ಹೇರಿದ ಅಸಮಾನ ಒಪ್ಪಂದಗಳನ್ನು ತೆಗೆಯಿರಿ. ನರ್ತನದಿಂದ ಆಗದ ಕೆಲಸ ಸೈನ್ಯ, ಹಡಗುಗಳಿಂದ ಆಯಿತು. ಆದರೂ 1919ರ ಪ್ಯಾರಿಸ್ ಸಭೆಯಲ್ಲಿ, ಗೆದ್ದವರ ಸಾಲಿನಲ್ಲೇ ಕೂತಿದ್ದ ಜಪಾನ್, ರಾಷ್ಟ್ರಸಂಘದ ಒಡಂಬಡಿಕೆಯಲ್ಲಿ ಸಮಾನತೆಯ ಒಂದು ವಾಕ್ಯ ಸೇರಿಸಿ ಎಂದಾಗ 17 ಮತಗಳಲ್ಲಿ 11 ಪರವಾಗಿ ಬಿದ್ದವು. ಅಧ್ಯಕ್ಷ ಪೀಠದಲ್ಲಿದ್ದ ಅಮೆರಿಕದ ವಿಲ್ಸನ್, ಸರ್ವಾನುಮತ ಇಲ್ಲ ಎಂದು ತಳ್ಳಿಹಾಕಿದ. ಎಲೆ ಹಾಕಿದ್ದರು, ಪಂಕ್ತಿ ಮಾತ್ರ ಬೇರೆ.

ಇಲ್ಲಿ ಒಂದು ಪದದ ಬಗ್ಗೆ ಜಗಳ ತೆಗೆಯಬೇಕು. ಲೋಕ ಹೊರಗಿಟ್ಟ ದೇಶಕ್ಕೆ ಇಂಗ್ಲಿಷಿನಲ್ಲಿ 'ಪರಾಯ ಸ್ಟೇಟ್' ಎನ್ನುತ್ತಾರೆ. ಆ ಪದ ಹೋದದ್ದು ನಮ್ಮ ಪಕ್ಕದ ತಮಿಳುನಾಡಿನಿಂದ. ಪರೈ ಎಂದರೆ ತಮಟೆ; ಅದರಿಂದ ಪರಯರ್ ಎಂಬ ಸಮುದಾಯದ ಹೆಸರು. ನಮ್ಮ ಪತ್ರಿಕೆಗಳು ಅದನ್ನು ತಿರುಗಿ ಕನ್ನಡಕ್ಕೆ ತಂದು 'ಅಸ್ಪೃಶ್ಯ ರಾಷ್ಟ್ರ' ಎಂದು ಅಚ್ಚು ಹಾಕುತ್ತವೆ. ದಯವಿಟ್ಟು ಬಿಡಿ. ಉತ್ತರ ಕೊರಿಯಾ ಏನೋ ಮಾಡಿ ಹೊರಗೆ ಬಿದ್ದಿದೆ. ತಮಟೆ ಬಾರಿಸುತ್ತಿದ್ದವನು ಏನು ಮಾಡಿದ್ದ? ಮಾಡಿದ್ದಕ್ಕಾಗಿ ಹೊರಗಿಡುವುದು ಬೇರೆ, ಹುಟ್ಟಿದ್ದಕ್ಕಾಗಿ ಹೊರಗಿಡುವುದು ಬೇರೆ. ಹೈಟಿ ಎರಡನೆಯದು. ಮೊದಲನೆಯದಕ್ಕೆ ದಕ್ಷಿಣ ಆಫ್ರಿಕ.

ಇಲ್ಲಿ ನಮ್ಮದೂ ಪಾಲಿದೆ. ಯಾನ್ ಸ್ಮಟ್ಸ್ ಹೆಸರು ಕೇಳಿರುತ್ತೀರಿ. ದಕ್ಷಿಣ ಆಫ್ರಿಕದಲ್ಲಿ ಗಾಂಧಿಯನ್ನು ಜೈಲಿಗೆ ಹಾಕಿದ ಮನುಷ್ಯ. ಗಾಂಧಿ ಜೈಲಿನಲ್ಲಿ ಹೊಲಿದ ಒಂದು ಜೊತೆ ಚಪ್ಪಲಿಯನ್ನು ಅವರಿಗೆ ಕೊಟ್ಟರು. ಎಷ್ಟೋ ಬೇಸಿಗೆ ಅವನ್ನು ಮೆಟ್ಟಿದ ಸ್ಮಟ್ಸ್, 1939ರಲ್ಲಿ ಗಾಂಧಿಯ ಎಪ್ಪತ್ತನೇ ವರ್ಷಕ್ಕೆ, ಅಂಥ ದೊಡ್ಡವರ ಚಪ್ಪಲಿಯಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲ ಎಂಬ ಅರ್ಥದ ಮಾತು ಬರೆದು ಹಿಂದಿರುಗಿಸಿದರು. ಸಭ್ಯತೆ ಎಂದರೆ ಹೀಗಿರಬೇಕು. ಇದೇ ಸ್ಮಟ್ಸ್ 1945ರಲ್ಲಿ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಗೆ ಕರಡು ಬರೆದವರು. ಮನುಷ್ಯನ ಮೂಲಭೂತ ಹಕ್ಕುಗಳು, ಮಾನವ ವ್ಯಕ್ತಿಯ ಘನತೆ ಎಂಬ ಮಾತುಗಳು ಬರುವುದು ಆ ಪೀಠಿಕೆಯಲ್ಲೇ. ಅದೇ ಸನ್ನದಿಗೆ ಭಾರತದ ಪರವಾಗಿ ರುಜು ಹಾಕಿದವರಲ್ಲಿ ಒಬ್ಬರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಅವರು ಇದೇ ಮೈಸೂರಿನ ದಿವಾನರಾದರು. ಭಾರತವಾಗ ಇನ್ನೂ ವಸಾಹತು. ಸ್ವಂತ ಮನೆಯಿಲ್ಲದವನಿಗೂ ಕುರ್ಚಿ ಹಾಕಿದ್ದರು ಎನ್ನುವುದು ಈ ಪಂಕ್ತಿಯ ಇನ್ನೊಂದು ವಿಚಿತ್ರ.

1946ರಲ್ಲಿ ಸ್ಮಟ್ಸ್ ಸರ್ಕಾರ ಅಲ್ಲಿನ ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ಕೊಳ್ಳಬಾರದು ಎಂದು ಗೆರೆ ಎಳೆಯುವ ಕಾಯಿದೆ ತಂದಿತು. ಭಾರತ ವ್ಯಾಪಾರ ನಿಲ್ಲಿಸಿತು, ಹೈಕಮಿಷನರನ್ನು ವಾಪಸು ಕರೆಸಿಕೊಂಡಿತು, ವಿಷಯವನ್ನು ಮಹಾಸಭೆಗೆ ಒಯ್ಯಿತು. ನಿಯೋಗದ ಮುಂದಾಳು ವಿಜಯಲಕ್ಷ್ಮಿ ಪಂಡಿತ್. ಸ್ಮಟ್ಸ್ ವಾದ ಏನೆಂದರೆ, ಇದು ನಮ್ಮ ಮನೆಯೊಳಗಿನ ವಿಷಯ. ಸನ್ನದಿನ ಎರಡನೇ ವಿಧಿಯ ಏಳನೇ ಕಲಮಿನ ಪ್ರಕಾರ ನೀವು ಕೈಹಾಕುವ ಹಾಗಿಲ್ಲ. ಮಾನವ ವ್ಯಕ್ತಿಯ ಘನತೆಯನ್ನು ಪೀಠಿಕೆಯಲ್ಲಿ ಕೂರಿಸಿದ ಕೈಯೇ ರಾಷ್ಟ್ರವೆಂಬ ವ್ಯಕ್ತಿಯ ಬಾಗಿಲ ಅಗಳಿ ಹಾಕಿತು. ಡಿಸೆಂಬರ್ 8ರಂದು ಮತಕ್ಕೆ ಹಾಕಿದರು. ಪರ 32, ವಿರೋಧ 15. ಬೇಕಾದ ಮೂರನೇ ಎರಡು ಬಹುಮತ ಸಿಕ್ಕಿತು.

ಆಮೇಲೆ ನಡೆದದ್ದನ್ನು ಪಂಡಿತ್ ಮುಂದೆ ನೆನಪಿಸಿಕೊಂಡಿದ್ದಾರೆ. ಸ್ಮಟ್ಸ್ ಅವರಿಗೆ ಅಗೌರವ ಆಗಕೂಡದು ಎಂದು ಗಾಂಧಿ ಹೇಳಿ ಕಳಿಸಿದ್ದರು. ಗೆದ್ದ ಆಕೆ ಸೀದಾ ಅವರ ಬಳಿ ಹೋಗಿ, ನನ್ನ ಮಾತಿನಲ್ಲಿ ತಪ್ಪಿದ್ದರೆ ಕ್ಷಮಿಸಿ ಎಂದರು. ಮುದುಕ ಆಕೆಯ ಕೈ ಹಿಡಿದು, ಮಗೂ, ನಿನ್ನದು ಟೊಳ್ಳು ಗೆಲುವು, ಈ ಮತ ಮುಂದಿನ ಚುನಾವಣೆಯಲ್ಲಿ ನನ್ನನ್ನು ಕೆಳಗಿಳಿಸುತ್ತದೆ, ನೀವು ಕಳೆದುಕೊಳ್ಳುವುದು ಇನ್ನೂ ಹೆಚ್ಚು ಎಂದರಂತೆ. 1948ರಲ್ಲಿ ಅವರು ಸೋತರು. ಗೆದ್ದವರು ಅಪಾರ್ತೀಡ್ ಎಂಬ ವರ್ಣಭೇದ ನೀತಿ ತಂದರು. ಅವರ ಮಾತಿನ ಅರ್ಧ ನಿಜವಾಯಿತು. ಗೆಲುವು ಟೊಳ್ಳು ಎಂಬ ಇನ್ನರ್ಧವನ್ನು ನಾನು ಒಪ್ಪುವುದಿಲ್ಲ. ಮನೆಯೊಳಗಿನ ವಿಷಯ ಎಂಬ ಅಗಳಿಯನ್ನು ಮೊದಲ ಸಲ ಅಲುಗಾಡಿಸಿದ್ದು ಆ ದಿನ.

ಅಲ್ಲಿಂದಾಚೆಗೆ ದಕ್ಷಿಣ ಆಫ್ರಿಕವನ್ನು ಒಂದೊಂದೇ ಪಂಕ್ತಿಯಿಂದ ಎಬ್ಬಿಸಿದರು. 1961ರಲ್ಲಿ ಕಾಮನ್‌ವೆಲ್ತ್ ಬಿಟ್ಟು ತಾನೇ ಎದ್ದು ಹೋಗಬೇಕಾಯಿತು, 1964ರಲ್ಲಿ ಟೋಕಿಯೋ ಒಲಿಂಪಿಕ್ಸಿನ ಕರೆಯೋಲೆ ವಾಪಸಾಯಿತು. 1974ರಲ್ಲಿ ಭದ್ರತಾ ಮಂಡಳಿ ಅದನ್ನು ವಿಶ್ವಸಂಸ್ಥೆಯಿಂದಲೇ ಹೊರಹಾಕಲು ಹೊರಟಾಗ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂರೂ ಒಟ್ಟಿಗೆ ವೀಟೊ ಹಾಕಿದವು. ಎರಡು ವಾರದ ಒಳಗೆ ಮಹಾಸಭೆ ಅದರ ಪ್ರತಿನಿಧಿಗಳ ಅಧಿಕಾರಪತ್ರ ಒಪ್ಪದೆ ಅವರನ್ನು ಕೂರಗೊಡಲಿಲ್ಲ. ಹೊರಹಾಕುವುದು ಕಾನೂನು, ಕೂರಗೊಡದಿರುವುದು ಬರೀ ಕಲಾಪದ ವಿಷಯ. ಎರಡನೆಯದೇ ಕೆಲಸ ಮಾಡಿತು. ಅದೇ ವರ್ಷ ಡೇವಿಸ್ ಕಪ್ ಫೈನಲ್ ತಲುಪಿದ ಭಾರತ, ಎದುರಾಳಿ ದಕ್ಷಿಣ ಆಫ್ರಿಕ ಎಂದು ಆಡದೆ ಬಿಟ್ಟಿತು. ಅಮೃತರಾಜ್ ಸೋದರರಿಗೆ ಆ ಕಪ್ ಗೆಲ್ಲುವ ಅವಕಾಶ ಕೈತಪ್ಪಿತು. ಆಗಿನ ನಮ್ಮ ಪಾಸ್‌ಪೋರ್ಟುಗಳಲ್ಲಿ ದಕ್ಷಿಣ ಆಫ್ರಿಕಕ್ಕೆ ಇದು ನಡೆಯುವುದಿಲ್ಲ ಎಂಬ ಸಾಲು ಇರುತ್ತಿತ್ತು. ಇಲ್ಲಿ ಕೂತಿರುವ ಹಿರಿಯರು ನೋಡಿರಬಹುದು.

ದಕ್ಷಿಣ ಆಫ್ರಿಕದ ರಾಜಧಾನಿ ಪ್ರಿಟೋರಿಯದವರು ಸುಮ್ಮನೆ ಕೂರಲಿಲ್ಲ. 1976ರ ಅಕ್ಟೋಬರಿನಲ್ಲಿ ಟ್ರಾನ್ಸ್‌ಕೈ ಎಂಬ ತುಂಡು ನೆಲಕ್ಕೆ 'ಸ್ವಾತಂತ್ರ್ಯ' ಕೊಟ್ಟರು. ಬಾವುಟ, ರಾಷ್ಟ್ರಗೀತೆ, ಸಂಸತ್ತು ಎಲ್ಲ ತಯಾರು. ಕಪ್ಪು ಜನರನ್ನು ಇಂಥ ತುಂಡುಗಳ ಪ್ರಜೆಗಳೆಂದು ಬರೆದುಕೊಂಡರೆ ಸ್ವಂತ ನೆಲದಲ್ಲೇ ಅವರು ಪರದೇಶಿಗಳಾಗುತ್ತಾರಲ್ಲ, ಅದು ಲೆಕ್ಕಾಚಾರ. ಮಹಾಸಭೆ 134 ಮತಗಳಿಂದ ಇದನ್ನು ತಿರಸ್ಕರಿಸಿತು. ವಿರೋಧವಾಗಿ ಒಂದೂ ಇಲ್ಲ. ದಕ್ಷಿಣ ಆಫ್ರಿಕವನ್ನು ಬಿಟ್ಟರೆ ಟ್ರಾನ್ಸ್‌ಕೈಯನ್ನು ಮಾನ್ಯ ಮಾಡಿದ ದೇಶ ಜಗತ್ತಿನಲ್ಲಿ ಇರಲಿಲ್ಲ. 1978ರಲ್ಲಿ ಒಂದು ಗಡಿ ತಕರಾರಿನ ಸಿಟ್ಟಿಗೆ ಟ್ರಾನ್ಸ್‌ಕೈ ಆ ಒಂದೇ ಒಂದು ದೇಶದೊಡನೆಯೂ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ವೇಷ ಕಟ್ಟಿಸಿದವನ ಮೇಲೆಯೇ ಮುನಿಸಿಕೊಂಡ ವೇಷ!

ಮಾಡಿದ್ದಕ್ಕಾಗಿ ಹೊರಗಿಟ್ಟರೆ ಬಿಟ್ಟಾಗ ಒಳಗೆ ಕರೆಯಲೂಬಹುದು. 1991ರ ನವೆಂಬರ್ 10ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ದಕ್ಷಿಣ ಆಫ್ರಿಕ ತಂಡ ಮೈದಾನಕ್ಕಿಳಿಯಿತು. ಮೊದಲು ಬಾಗಿಲು ಮುಚ್ಚಿದವರ ಮನೆಯಲ್ಲೇ ಮೊದಲ ಊಟ. ಸರಿಯಾಗಿತ್ತು. 1825ರ ಹೈಟಿಗೆ ಇಂಥ ಬಾಗಿಲು ಇರಲಿಲ್ಲ. ಬಿಡಬೇಕಾದ ಕೆಟ್ಟ ಚಾಳಿ ಅದರ ಬಳಿ ಏನೂ ಇರಲಿಲ್ಲ, ಹಾಗಾಗಿ ದುಡ್ಡು ಕೊಡಬೇಕಾಯಿತು.

ಎರಡೂ ಬಗೆಗೆ ಸೇರದ ತೈವಾನ್ ಕೂಡ ಇದೆ. 1971ರ ಅಕ್ಟೋಬರ್ 25ರಂದು, ವಿಶ್ವಸಂಸ್ಥೆಯಲ್ಲಿ ಅದು ಕೂತಿದ್ದ ಚೀನಾದ ಕುರ್ಚಿ ಬೀಜಿಂಗಿಗೆ ಹೋಯಿತು. ಒಲಿಂಪಿಕ್ಸಿನಲ್ಲಿ ಅದರ ಹೆಸರು ಚೈನೀಸ್ ತೈಪೆ. ದೇವನಹಳ್ಳಿ ಬಳಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆ ತೈವಾನಿನವರದು. ಆದರೆ ದಿಲ್ಲಿಯಲ್ಲಿ ಅವರ ರಾಯಭಾರ ಕಚೇರಿ ಇಲ್ಲ, 'ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ' ಇದೆ. ಮೂಟೆ ಒಳಗೆ, ದೂತ ಹೊರಗೆ. ಬೆಂಟನ್ ಮಾತು ಇಲ್ಲಿ ನೆನಪಾದರೆ ನನ್ನನ್ನು ಬಯ್ಯಬೇಡಿ.

ತಾಲಿಬಾನ್ ವಿಷಯ ಹೇಳಿ ನಿಲ್ಲಿಸುತ್ತೇನೆ. 2021ರಲ್ಲಿ ಕಾಬೂಲ್ ಹಿಡಿದ ಅವರ ಸರ್ಕಾರವನ್ನು ಮೊದಲು ಮಾನ್ಯ ಮಾಡಿದ್ದು ರಷ್ಯಾ, 2025ರ ಜುಲೈನಲ್ಲಿ. ಅಕ್ಟೋಬರಿನಲ್ಲಿ ಅವರ ವಿದೇಶಾಂಗ ಮಂತ್ರಿ ಮುತ್ತಕಿ ದಿಲ್ಲಿಗೆ ಬಂದರು. ಅಫ್ಘಾನ್ ರಾಯಭಾರ ಕಚೇರಿಯಲ್ಲಿ ನಡೆದ ಪತ್ರಿಕಾಗೋಷ್ಠಿಗೆ ಪತ್ರಕರ್ತೆಯರನ್ನು ಬಿಡಲಿಲ್ಲ. ನಮಗೂ ಅದಕ್ಕೂ ಸಂಬಂಧವಿಲ್ಲ ಎಂದಿತು ನಮ್ಮ ಸರ್ಕಾರ. ಗದ್ದಲವಾಯಿತು. ಎರಡು ದಿನ ಕಳೆದು ಇನ್ನೊಂದು ಗೋಷ್ಠಿ ನಡೆದಾಗ ಹೆಂಗಸರು ಮುಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಕೇಳಿದರು. ನೆರೆಯವರೊಡನೆ ಮಾತಾಡಲೇಬೇಕು, ನನ್ನ ತಕರಾರಿಲ್ಲ. ಆದರೆ ತನ್ನ ನಾಡಿನ ಅರ್ಧ ಜನರನ್ನು ವ್ಯಕ್ತಿಗಳೆಂದು ಎಣಿಸದವನು ನನ್ನನ್ನು ವ್ಯಕ್ತಿಯೆಂದು ಎಣಿಸಿ ಎಂದು ಬಂದಿದ್ದಾನೆ. ಅವನನ್ನು ಎಲ್ಲಿ ಕೂರಿಸುತ್ತೀರಿ ಎಂಬುದಕ್ಕಿಂತ, ಅವನ ಎದುರು ಯಾರನ್ನು ಕೂರಿಸುತ್ತೀರಿ ಎಂಬುದು ನನಗೆ ಮುಖ್ಯ. ಆ ಮುಂದಿನ ಸಾಲು ನನಗೆ ಹಿಡಿಸಿತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, 1946ರಲ್ಲಿ ನಾವು ಹೊರಗಿನವರ ಮನೆ ವಿಷಯ ಎತ್ತಿದೆವು. ನಮ್ಮ ಮನೆಯದನ್ನು ಯಾರಾದರೂ ಎತ್ತಿದರೇ?"

ಎತ್ತಿದ್ದರು. ಅದೇ 1946ರಲ್ಲೇ ಅಂಬೇಡ್ಕರ್ ಅಮೆರಿಕದ ಕಪ್ಪು ಚಿಂತಕ ಡು ಬೋಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕಳಿಸಿಕೊಡಿ ಎಂದು ಕೇಳಿ, ಅಸ್ಪೃಶ್ಯರ ಪರವಾಗಿ ನಾವೂ ಹಾಗೆ ಮಾಡಬೇಕೆಂದಿದ್ದೇವೆ ಎಂದಿದ್ದರು. ಅಂಬೇಡ್ಕರ್ 1927ರಲ್ಲಿ ತೆಗೆದ ಪತ್ರಿಕೆಯ ಹೆಸರೇ 'ಬಹಿಷ್ಕೃತ ಭಾರತ'. 2001ರ ಆಗಸ್ಟ್ ಕೊನೆಗೆ ವಿಶ್ವಸಂಸ್ಥೆ ಜನಾಂಗಭೇದದ ವಿರುದ್ಧ ಒಂದು ದೊಡ್ಡ ಸಮ್ಮೇಳನ ಕರೆಯಿತು. ನಮ್ಮ ದಲಿತ ಸಂಘಟನೆಗಳು ಹೋಗಿ ಜಾತಿಯನ್ನೂ ಅಲ್ಲಿ ಚರ್ಚಿಸಿ ಎಂದು ಪಟ್ಟು ಹಿಡಿದವು. ಭಾರತ ಸರ್ಕಾರ ಒಪ್ಪಲಿಲ್ಲ. ಜಾತಿ ಜನಾಂಗವಲ್ಲ, ಇದು ನಮ್ಮ ದೇಶದೊಳಗಿನ ವಿಷಯ, ಅದಕ್ಕೆ ನಮ್ಮ ಸಂವಿಧಾನವಿದೆ ಎಂಬುದು ಅದರ ನಿಲುವು. ಸಮ್ಮೇಳನದ ಘೋಷಣೆ ಹೊರಬಿದ್ದಾಗ ಜಾತಿ ಎಂಬ ಪದ ಅದರಲ್ಲಿರಲಿಲ್ಲ.

ಸಮ್ಮೇಳನ ಯಾವ ಊರಿನಲ್ಲಿ ನಡೆಯಿತು ಎಂದು ಆ ಹುಡುಗಿ ಮತ್ತೆ ಕೇಳಿದಳು. ಡರ್ಬನ್, ಎಂದೆ. ಗಾಂಧಿ 1893ರಲ್ಲಿ ಹಡಗಿನಿಂದ ಇಳಿದ ಊರು.